ಗುರುವಾರಕ್ಕೇ ಖಾಲಿಯಾದ ಟ್ಯಾಂಕು

ಸೋಮವಾರ ಬೆಳಿಗ್ಗೆ ತುಂಬಿಸಿದ ಪೆಟ್ರೋಲು ಶನಿವಾರದವರೆಗೆ ಬರಬೇಕು. ಅದು ಗುರುವಾರಕ್ಕೇ ಮುಗಿದರೆ ಮನೆಯವರು ಮೊದಲು ಯಾರನ್ನು ಬೈಯುತ್ತಾರೆ? ಓಡಿಸುವವರನ್ನು. ಗಾಡಿಗೆ ಬೈದರೆ ಅದು ಮುಖ ಸಣ್ಣದು ಮಾಡಿಕೊಳ್ಳುವುದಿಲ್ಲವಲ್ಲ, ಬೈದ ಸಮಾಧಾನವೇ ಸಿಗುವುದಿಲ್ಲ.

ಈ ಲಾಂಡ್ರಿಯವರ ಮನೆಯಲ್ಲೂ ಹಾಗೇ ಆಯಿತು. ಹಿತ್ತಲಲ್ಲಿ ಮೂರು ದೊಡ್ಡ ತೊಳೆಯುವ ಮಿಷಿನ್ನು, ಅದರ ಪಕ್ಕ ಒಣಗಿಸುವ ಕೋಣೆ, ಮುಂದಿನ ಪಡಸಾಲೆಯಲ್ಲಿ ಅಮ್ಮನ ಇಸ್ತ್ರಿ ಮೇಜು. ಆಸ್ಪತ್ರೆಯ ಹಾಸಿಗೆ ಬಟ್ಟೆ, ಎರಡು ಹಾಸ್ಟೆಲ್ಲಿನ ಹೊದಿಕೆಗಳನ್ನು ದಿನಾ ವ್ಯಾನಿನಲ್ಲಿ ತರಬೇಕು, ಒಯ್ಯಬೇಕು. ಅದೇ ರಸ್ತೆ, ಅದೇ ಗೇಟು, ಅಷ್ಟೇ ಗಂಟುಗಳು. ಇಪ್ಪತ್ತು ವರ್ಷ ಅಪ್ಪನೇ ಓಡಿಸಿದ್ದರು. ಮಂಡಿ ಮಾತು ಕೇಳದೆ ಹೋದಾಗ ಮಗಳ ಕೈಗೆ ಕೀಲಿ ಕೊಟ್ಟರು. ಅವಳಿಗೆ ಅದು ಬರೀ ಕೀಲಿಯಾಗಿರಲಿಲ್ಲ. ಚಿಕ್ಕಂದಿನಿಂದ ಕಣ್ಣಿಟ್ಟಿದ್ದ ಸೀಟು ಅದು.

ಒಂದು ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ಪೆಟ್ರೋಲು ಶುಕ್ರವಾರಕ್ಕೆ ಮುಗಿಯತೊಡಗಿತು. ಈಗ ಗುರುವಾರಕ್ಕೆ ಬಂದು ನಿಂತಿತ್ತು.

"ನಿನ್ನ ಕಾಲು ಸುಮ್ನಿರಲ್ಲ ಕಣೇ," ಎಂದರು ಅಪ್ಪ. "ಆಕ್ಸಿಲರೇಟರ್ ಒತ್ತು ಅಂದ್ರೆ ಇಸ್ತ್ರಿಪೆಟ್ಟಿಗೆ ಒತ್ತಿದ ಹಾಗೆ ಒತ್ತುತೀಯ."

"ಟೈರಿಗೆ ಗಾಳಿ ಸರಿಯಾಗಿ ಹಾಕಿಸಿದೀನಿ ಅಪ್ಪ. ಏರ್ ಫಿಲ್ಟರ್ ಹೊಸದು. ಆಸ್ಪತ್ರೆ ಗೇಟಲ್ಲಿ ಕಾಯುವಾಗ ಇಂಜಿನ್ ಆಫ್ ಮಾಡ್ತೀನಿ. ಇನ್ನೇನು ಮಾಡ್ಲಿ?"

"ಏನೂ ಮಾಡ್ಬೇಡ. ಮುಂದಿನ ತಿಂಗಳಿಂದ ನಿಮ್ಮ ಭಾವ ಓಡಿಸ್ಲಿ. ನೀನು ಅಮ್ಮನ ಜೊತೆ ಇಸ್ತ್ರಿಗೆ ನಿಲ್ಲು."

ಮಗಳು ಅಳಲಿಲ್ಲ. ಮಡಚುತ್ತಿದ್ದ ಹೊದಿಕೆಯನ್ನು ಮೇಜಿನ ಮೇಲಿಟ್ಟಳು.

"ಆಯ್ತು. ಅದಕ್ಕೆ ಮೊದ್ಲು ಒಂದು ವಾರ ನೀವೇ ಓಡಿಸಿ. ಅದೇ ದಾರಿ, ಅದೇ ಲೋಡು. ನಾನು ಪಕ್ಕದಲ್ಲಿ ಕೂತಿರ್ತೀನಿ. ಶನಿವಾರದವರೆಗೆ ಬಂದ್ರೆ ತಪ್ಪು ನಂದೇ. ನಾನೇ ಭಾವನ ಕೈಗೆ ಕೀಲಿ ಕೊಡ್ತೀನಿ."

"ರೀ, ನಿಮ್ಮ ಮಂಡಿ," ಎಂದರು ಅಮ್ಮ.

"ಮಂಡಿಗೇನಾಗಿದೆ? ಕಾಲು ಹೇಗಿಡಬೇಕು ಅಂತ ಇವಳಿಗೆ ತೋರಿಸ್ತೀನಿ."

ಸೋಮವಾರ ಅಪ್ಪ ಮಂಡಿಗೆ ಪಟ್ಟಿ ಸುತ್ತಿಕೊಂಡು ಕೂತರು. ಟ್ಯಾಂಕು ಭರ್ತಿಯಾಯಿತು. ಅವರ ಓಡಿಸುವಿಕೆ ನಿಜಕ್ಕೂ ನೋಡುವಂತಿತ್ತು, ಅದನ್ನು ನಾನು ಒಪ್ಪಲೇಬೇಕು. ತುಂಬಿದ ಕೊಡ ಹೊತ್ತವರ ನಡಿಗೆಯಷ್ಟು ನಯ. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾದರೂ ಇವರು ಜಗ್ಗಲಿಲ್ಲ. ಬುಧವಾರ ಮಧ್ಯಾಹ್ನ ಮುಳ್ಳು ಅರ್ಧಕ್ಕಿಂತ ಬಹಳ ಕೆಳಗಿಳಿದಿತ್ತು. ಅಪ್ಪ ಮುಳ್ಳಿನ ಕಡೆ ನೋಡುವುದನ್ನೇ ಬಿಟ್ಟರು.

ಗುರುವಾರ ಆಸ್ಪತ್ರೆಯ ಇಳಿಜಾರಿನಲ್ಲಿ ವ್ಯಾನು ಎರಡು ಸಲ ಕೆಮ್ಮಿ ನಿಂತಿತು. ಒಳಗೆ ನೂರಿಪ್ಪತ್ತು ಹಾಸಿಗೆ ಬಟ್ಟೆ. ವಾರ್ಡಿನವರು ಬಾಗಿಲಲ್ಲಿ ಕಾಯುತ್ತಿದ್ದರು. ಅಪ್ಪ ಮಗಳು ಇಬ್ಬರೂ ಗಂಟುಗಳನ್ನು ಹೆಗಲ ಮೇಲೆ ಹೊತ್ತು ಒಳಗೆ ಮುಟ್ಟಿಸಿದರು.

"ಪಂಪಿನವರು ಕಮ್ಮಿ ಹಾಕಿರಬೇಕು," ಎಂದರು ಅಪ್ಪ ಬೆವರೊರೆಸಿಕೊಳ್ಳುತ್ತ.

"ಅಪ್ಪ, ಮೀಟರ್ ಮುಂದೆ ನಿಂತು ಹಾಕಿಸಿದ್ದು ನೀವೇ. ಇನ್ನು ಸಾಕು. ನಡೀರಿ, ನಿಧಾನಣ್ಣನ ಹತ್ರ ಹೋಗೋಣ."

ಕ್ಯಾನಿನಲ್ಲಿ ಪೆಟ್ರೋಲು ತಂದು ಹಾಕಿ, ವ್ಯಾನನ್ನು ಬೀದಿ ಕೊನೆಯ ಗ್ಯಾರೇಜಿಗೆ ಒಯ್ದರು. ಅಲ್ಲಿನ ಮೆಕ್ಯಾನಿಕ್‌ಗೆ ನಿಧಾನಣ್ಣ ಎಂದೇ ಹೆಸರು ಬಿದ್ದುಹೋಗಿತ್ತು. ಮಾತೆಲ್ಲ ಕೇಳಿ ಮುಗಿಸುವ ತನಕ ಅವರು ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಇಬ್ಬರ ಮಾತನ್ನೂ ಕೇಳಿದರು. ಹಿಂದೆ ಹೋಗಿ ಸೈಲೆನ್ಸರ್ ಪೈಪಿನ ಬಾಯಿಗೆ ಬಟ್ಟೆ ಸುತ್ತಿದ ಬೆರಳು ಆಡಿಸಿದರು, ಬಟ್ಟೆ ಕಪ್ಪಾಯಿತು. ಆಮೇಲೆ ಸ್ಟೇರಿಂಗ್ ಹಿಂದೆ ಕೂತು ಮೀಟರ್ ನೋಡಿದರು. ಅಲ್ಲೊಂದು ಚಿಕ್ಕ ಬಿಳಿ ಚೀಟಿ ಅಂಟಿತ್ತು. ಬಟ್ಟೆ ಅದಲು ಬದಲಾಗದಿರಲಿ ಎಂದು ಲಾಂಡ್ರಿಯವರು ಅಂಟಿಸುವ ನಂಬರ್ ಚೀಟಿ.

"ಯಜಮಾನ್ರೆ, ಇದು ಯಾರ ಅಂಗಿ?"

ಅಪ್ಪ ಕೆಮ್ಮಿದರು. "ಅಲ್ಲೊಂದು ಹಳದಿ ಲೈಟು ಸುಮ್ಸುಮ್ನೆ ಉರೀತಿತ್ತು. ಇಂಜಿನ್ ಚೆನ್ನಾಗೇ ಓಡ್ತಿತ್ತಲ್ಲ. ಇವಳಿಗೆ ಕೀಲಿ ಕೊಡೋ ಮೊದ್ಲೇ, ಕಣ್ಣಿಗೆ ಚುಚ್ಚುತ್ತೆ ಅಂತ ಮುಚ್ಚಿದ್ದೆ."

"ನಾನು ಅದು ಗಾಡಿಯ ನಂಬರ್ ಚೀಟಿ ಅಂದ್ಕೊಂಡಿದ್ದೆ," ಎಂದಳು ಮಗಳು. ಅವಳಿಗೆ ಇಷ್ಟು ತಿಂಗಳ ಬೈಗುಳವೆಲ್ಲ ಒಟ್ಟಿಗೆ ನೆನಪಾಯಿತು. ನಿಜ ಹೇಳುತ್ತೇನೆ, ಈ ಜಾಗದಲ್ಲಿ ನನಗೂ ಆ ಅಪ್ಪನ ಮೇಲೆ ಸಿಟ್ಟು ಬರುತ್ತದೆ.

ನಿಧಾನಣ್ಣ ಸ್ಕ್ಯಾನರ್ ಜೋಡಿಸಿ ಇಂಜಿನ್ ಚಾಲೂ ಮಾಡಿದರು. ಪರದೆಯ ಮೇಲೊಂದು ಗೆರೆ ಮೂಡಿತು.

"ಸೈಲೆನ್ಸರ್ ಪೈಪಲ್ಲಿ ಆಕ್ಸಿಜನ್ ಸೆನ್ಸರ್ ಅಂತ ಒಂದಿರುತ್ತೆ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ನೋಡಿ ಇಂಜಿನ್ನಿನ ಕಂಪ್ಯೂಟರಿಗೆ ಹೇಳೋದು ಅದರ ಕೆಲಸ. ಅದು ಹೇಳಿದ ಹಾಗೆ ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಕಮ್ಮಿ ಮಾಡುತ್ತೆ. ಈ ಗೆರೆ ಚಕಚಕ ಅಂತ ಮೇಲೆ ಕೆಳಗೆ ಆಡ್ಬೇಕು. ನೋಡಿ, ಕೆಳಗೇ ಮಲಗಿದೆ."

"ಮಲಗಿದ್ರೆ ಏನಾಯ್ತು?" ಅಪ್ಪ ಇನ್ನೂ ಸೋತಿರಲಿಲ್ಲ.

"ಜ್ವರ ಬಂದವರು ಅಡುಗೆ ಮಾಡಿದ್ರೆ ಏನಾಗುತ್ತೆ? ನಾಲಿಗೆಗೆ ರುಚಿ ಗೊತ್ತಾಗಲ್ಲ, ಉಪ್ಪು ಸಾಲದು ಅಂತ ಹಾಕ್ತಾನೇ ಇರ್ತಾರೆ. ಇದೂ ಅಷ್ಟೇ. ಪೆಟ್ರೋಲ್ ಸಾಲದು ಅಂತ ತಪ್ಪು ಸುದ್ದಿ ಹೋಗ್ತಿದೆ, ಕಂಪ್ಯೂಟರ್ ಸುರೀತಾನೇ ಇದೆ. ಅರ್ಧಂಬರ್ಧ ಉರಿದು ಹೊಗೆಯಾಗಿ ಹೋಗುತ್ತೆ. ಓಡಿಸೋರ ಕಾಲು ಎಷ್ಟೇ ನಯ ಇದ್ರೂ ಇಲ್ಲಿ ನಡೆಯಲ್ಲ."

ಅವರು ಅಷ್ಟಕ್ಕೇ ತೀರ್ಪು ಕೊಡಲಿಲ್ಲ. ಸೆನ್ಸರಿನ ವೈರು ಕಡಿದಿದೆಯೇ, ಪೈಪಿನಲ್ಲಿ ಎಲ್ಲಾದರೂ ಸೀಳಿದೆಯೇ ಎಂದು ಕೆಳಗೆ ಮಲಗಿ ನೋಡಿದರು. ಅವೆರಡೂ ಸರಿಯಿದ್ದವು. ಸೆನ್ಸರೇ ವರ್ಷದ ಮೇಲಿನಿಂದ ಸ್ವಲ್ಪ ಸ್ವಲ್ಪವೇ ಸವೆಯುತ್ತ ಬಂದು ಈಗ ಪೂರ್ತಿ ಕೈಕೊಟ್ಟಿತ್ತು. ವ್ಯಾನು ಒಂದೂವರೆ ಲಕ್ಷ ಕಿಲೋಮೀಟರ್ ದಾಟಿತ್ತು, ಅದನ್ನು ಒಮ್ಮೆಯೂ ಬದಲಾಯಿಸಿರಲಿಲ್ಲ.

"ಬಿಚ್ಚಿಕೊಡಪ್ಪ," ಎಂದರು ಅಪ್ಪ. "ಚೆನ್ನಾಗಿ ತೊಳೆದು ತಂದುಕೊಡ್ತೀನಿ."

ನಿಧಾನಣ್ಣ ನಕ್ಕುಬಿಟ್ಟರು. "ಯಜಮಾನ್ರೆ, ಎಂಥ ಕಲೆಯಾದ್ರೂ ನೀವು ತೆಗೀತೀರಿ, ನನಗೆ ಗೊತ್ತು. ಆದ್ರೆ ಇದು ಕೊಳೆಯಲ್ಲ, ಒಳಗಿನ ಸವೆತ. ಹೊಸದೇ ಹಾಕ್ಬೇಕು. ಹೀಗೇ ಬಿಟ್ರೆ ಹೊಗೆ ಶುದ್ಧ ಮಾಡೋ ಕನ್ವರ್ಟರ್ ಹಾಳಾಗುತ್ತೆ. ಅದರ ಬೆಲೆಯ ಮುಂದೆ ಸೆನ್ಸರ್ ಬೆಲೆ ಏನೇನೂ ಅಲ್ಲ."

ಅಪ್ಪ ಒಳಗೆ ಬಗ್ಗಿ ಮೀಟರಿನ ಮೇಲಿನ ಚೀಟಿ ಕಿತ್ತರು. "ಹಾಕಪ್ಪ," ಎಂದರು. ಹೊಸ ಸೆನ್ಸರ್ ಕೂತ ಮೇಲೆ ಇಂಜಿನ್ ಬಿಸಿಯಾಗುತ್ತಿದ್ದಂತೆ ಗೆರೆ ಮೇಲೆ ಕೆಳಗೆ ಆಡತೊಡಗಿತು. ಹಳದಿ ಲೈಟೂ ಆರಿತು.

ಮುಂದಿನ ಸೋಮವಾರ ಟ್ಯಾಂಕು ಮತ್ತೆ ಭರ್ತಿ. ಈ ಸಲ ಓಡಿಸಿದ್ದು ಮಗಳು, ಪಕ್ಕದಲ್ಲಿ ಕೂತದ್ದು ಅಪ್ಪ. ಗುರುವಾರ ದಾಟಿತು. ಶುಕ್ರವಾರವೂ ದಾಟಿತು. ಶನಿವಾರ ಕೊನೆಯ ಗಂಟು ಇಳಿಸುವಾಗ ಟ್ಯಾಂಕಿನಲ್ಲಿ ಇನ್ನೂ ಪೆಟ್ರೋಲಿತ್ತು.

ವಾರ್ಡಿನ ಆಯಾ ಬಟ್ಟೆ ಎಣಿಸಿಕೊಳ್ಳುತ್ತ ಕೇಳಿದರು: "ಒಂದನೇ ತಾರೀಕಿಂದ ಅಳಿಯಂದಿರು ಬರ್ತಾರಂತೆ, ಹೌದಾ?"

ಮಗಳು ಗಂಟನ್ನು ಇಳಿಸಿ ಅಪ್ಪನ ಕಡೆ ತಿರುಗಿದಳು.

"ಇಲ್ಲಮ್ಮ," ಎಂದರು ಅಪ್ಪ. "ಡ್ರೈವರ್ ಇವಳೇ. ಗಾಡಿ ತನಗೆ ಹುಷಾರಿಲ್ಲ ಅಂತ ಹೇಳ್ತಾನೇ ಇತ್ತು. ಅದರ ಬಾಯಿ ಮುಚ್ಚಿದ್ದು ನಾನು, ಬೈಸಿಕೊಂಡಿದ್ದು ಇವಳು."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿಯೂ ಇದ್ದಕ್ಕಿದ್ದಂತೆ ಹೆಚ್ಚು ಕುಡಿಯುತ್ತಿದೆಯೇ? ಕಪ್ಪು ಹೊಗೆ, ಪೆಟ್ರೋಲಿನ ವಾಸನೆ, ನಿಂತಲ್ಲೇ ನಡುಗುವ ಇಂಜಿನ್, ಇವುಗಳಲ್ಲಿ ಯಾವುದಾದರೂ ಕಂಡಿದೆಯೇ? ಮೊದಲು ಟೈರಿನ ಗಾಳಿ, ಏರ್ ಫಿಲ್ಟರ್ ನೋಡಿಸಿ. ಇಂಜಿನ್ ಚಿತ್ರದ ಹಳದಿ ಲೈಟು ಉರಿದರೆ ಅದೇ ವಾರ ಸ್ಕ್ಯಾನ್ ಮಾಡಿಸಿ, ಮಿಣುಕಿದರೆ ಅವತ್ತೇ. ಲೈಟು ಉರಿಯದಿದ್ದರೂ ಒಂದು ಲಕ್ಷ ಕಿಲೋಮೀಟರ್ ದಾಟಿದ ಗಾಡಿಯ ಸೆನ್ಸರ್ ಒಮ್ಮೆ ಪರೀಕ್ಷಿಸಲು ಹೇಳಿ. ಪರೀಕ್ಷೆ ಮಾಡದೆ ಊಹೆಯ ಮೇಲೆ ಯಾವ ಭಾಗವನ್ನೂ ಬದಲಾಯಿಸಲು ಬಿಡಬೇಡಿ.

ಮತ್ತು ನಿಮ್ಮ ಮನೆಯಲ್ಲಿ ಗಾಡಿ ಓಡಿಸುವವರು ಯಾರೇ ಇರಲಿ, ಅವರಿಂದ ಕೀಲಿ ಕಿತ್ತುಕೊಳ್ಳುವ ಮುಂಚೆ ಗಾಡಿಯನ್ನು ಒಮ್ಮೆ ಗ್ಯಾರೇಜಿಗೆ ಒಯ್ಯಿರಿ.