ಒಂಬತ್ತೋ ಹನ್ನೊಂದೋ

2019ರ ಮಾರ್ಚ್ 15, ಶುಕ್ರವಾರ. ಉಷಾಲತಾ ನನ್ನ ಮೇಜಿನ ಮೇಲೆ ಇಟ್ಟ ಕಾಗದಗಳು ಹದಿನೇಳು, ಡಿಸ್ಕ್ ಒಂದು.

ಬಹರೈನಿನ ಗುದೈಬಿಯಾದಲ್ಲಿ ಹಾಲು, ದಿನಸಿ ಮಾರುವ ಒಂದು ಕೋಲ್ಡ್ ಸ್ಟೋರ್‌ಗೆ ನಾನು ಲೆಕ್ಕ ಬರೆಯುತ್ತೇನೆ. ಅದಕ್ಕೆ ಮೊದಲು ಇಲ್ಲಿಯದೇ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಶುಕ್ರವಾರ ಅಂಗಡಿಯ ಕೆಲಸವಿಲ್ಲ. ಊರ ಕಡೆಯವರು ಅರ್ಥವಾಗದ ಕಾಗದಗಳನ್ನು ಆ ದಿನ ತರುತ್ತಾರೆ. ಅರ್ಥವಾದದ್ದನ್ನು ಹೇಳುತ್ತೇನೆ, ಆಗದಿದ್ದರೆ ಆಗಲಿಲ್ಲ ಎನ್ನುತ್ತೇನೆ.

ಉಷಾಲತಾ ಕಾಪುವಿನವರು, ನರ್ಸ್. ಹನ್ನೆರಡು ವರ್ಷ ಬ್ರಿಟನ್ನಿನಲ್ಲಿ ದುಡಿದು, ಅಲ್ಲಿಯ ಪೌರತ್ವ ಪಡೆದು, 2016ರಲ್ಲಿ ಗಂಡ ಸಂದೇಶ್ ಮತ್ತು ಇಬ್ಬರು ಮಕ್ಕಳೊಂದಿಗೆ ಬಹರೈನಿಗೆ ಬಂದವರು. ಸಂದೇಶರಿಗೆ ಇಲ್ಲಿ ವಾಹನದ ಬಿಡಿಭಾಗಗಳ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು, ಆಕೆಗೆ ಖಾಸಗಿ ಆಸ್ಪತ್ರೆಯಲ್ಲಿ. ಮನೆ ಉಮ್ ಅಲ್ ಹಸ್ಸಮ್‌ನಲ್ಲಿ.

ಕಾಗದಗಳೆಲ್ಲ ಬ್ರಿಟನ್ನಿನ ತೆರಿಗೆ ಕಚೇರಿಯವು. ಆ ದೇಶದಲ್ಲಿ ಮಕ್ಕಳಿರುವ, ವರಮಾನ ಸಾಲದ ಕುಟುಂಬಗಳಿಗೆ ಸರಕಾರ ಒಂದು ಸಹಾಯಧನ ಕೊಡುತ್ತದೆ. ಹೆಸರಿಗೆ ಅದು ತೆರಿಗೆ ರಿಯಾಯಿತಿ. ಆದರೆ ತೆರಿಗೆಯಿಂದ ಕಳೆಯುವುದಿಲ್ಲ, ನಾಲ್ಕು ವಾರಕ್ಕೊಮ್ಮೆ ನೇರವಾಗಿ ಬ್ಯಾಂಕಿಗೆ ಬರುತ್ತದೆ. ಇವರಿಗೆ ಪ್ರತಿ ಸಲ 236 ಪೌಂಡ್ ಬರುತ್ತಿತ್ತು. ದೇಶ ಬಿಟ್ಟವರಿಗೆ ಅದು ಸಲ್ಲದು. ತಾತ್ಕಾಲಿಕವಾಗಿ ಹೊರಗೆ ಹೋದವರಿಗೆ ಎಂಟು ವಾರ ಸಲ್ಲುತ್ತದೆ. ಇವರು ಹೊರಟದ್ದು 2016ರ ಸೆಪ್ಟೆಂಬರ್ 14ರಂದು. ಎಂಟು ವಾರ ಮುಗಿದದ್ದು ನವೆಂಬರ್ 9ಕ್ಕೆ. ಹಣ ಮಾತ್ರ ಮುಂದಿನ ವರ್ಷದ ಜುಲೈ 19ರವರೆಗೆ ಬಂದಿತ್ತು. ಹೆಚ್ಚಿಗೆ ಬಂದದ್ದು ಒಂಬತ್ತು ಪಾವತಿ, ಅಂದರೆ 2,124 ಪೌಂಡ್. ನಮ್ಮಲ್ಲಿ ಅದು 1,057 ದಿನಾರ್ 752 ಫಿಲ್ಸ್. ಉಷಾಲತಾ ಅವರ ಮೂರು ತಿಂಗಳ ಸಂಬಳ.

"ಹಣ ಬರುತ್ತಿದ್ದದ್ದು ಗೊತ್ತಿರಲಿಲ್ಲವೇ?" ಎಂದು ಕೇಳಿದೆ.

"ಗೊತ್ತಿತ್ತು ಮಾಸ್ಟ್ರೇ. ಹಿಂದಿನ ಬಾಕಿ ಎಂತದೋ ಬರ್ತಾ ಉಂಟು ಅಂತ ಇವರು ಹೇಳಿದ್ರು. ಮನೆಯ ಅಡ್ವಾನ್ಸಿಗೆ ಹೋಯ್ತು, ಕಾರಿಗೆ ಹೋಯ್ತು."

"ನೀವು ದೇಶ ಬಿಟ್ಟದ್ದನ್ನು ತಿಳಿಸಿಲ್ಲ ಎಂದು ಬರೆದಿದ್ದಾರೆ."

"ಅದೇ ನನಗೆ ತಡೆಯುದಿಲ್ಲ." ಆಕೆಯ ದನಿ ಏರಿತು. "ಹಣ ಕೊಡ್ಬೇಕಾದ್ರೆ ಕೊಡುವ, ಅದು ಬೇರೆ. ಹೇಳ್ಲಿಲ್ಲ ಅಂತ ಹೇಗೆ ಬರಿತಾರೆ? ಹೊರಡುವ ಮೊದಲು ನಾನೇ ಫೋನ್ ಮಾಡಿದ್ದೇನೆ. ಎರಡು ಸಲ ಕಾಗದ ಬರ್ದೆ, ನಿಮ್ಮಲ್ಲಿ ರೆಕಾರ್ಡ್ ಇರ್ತದಲ್ಲ, ಕೇಳಿ ಅಂತ. ಈಗ ಡಿಸ್ಕ್ ಕಳಿಸಿದ್ದಾರೆ. ನನ್ನ ಮಾತು ಅದ್ರಲ್ಲಿ ಉಂಟು. ನಮ್ಮ ಮನೆಯಲ್ಲಿ ಡಿಸ್ಕ್ ಹಾಕುವ ಮಿಶಿನ್ ಇಲ್ಲ, ಅಷ್ಟೇ."

ಕಾಗದಗಳಲ್ಲಿ ಕೊನೆಯದು ಒಂದು ಪುಟದ ಪ್ರಶ್ನೆಪತ್ರ. ಮಾರ್ಚ್ 31ರೊಳಗೆ ಅದನ್ನು ತುಂಬಿ ಕಳಿಸಬೇಕು. ಕಚೇರಿಗೆ ಮೊದಲೇ ತಿಳಿಸಿದ್ದು ನಿಜವಾದರೆ ಸಾಲ ಮನ್ನಾ ಆಗಬಹುದು. ತಿಳಿದೂ ಸುಳ್ಳು ಹೇಳಿದ್ದು ಕಂಡುಬಂದರೆ ಮೇಲೆ 300 ಪೌಂಡ್ ದಂಡ.

ಸಂಜೆ ನಾಲ್ಕರ ನಂತರ ಇಮ್ತಿಯಾಝ್ ಅಂಗಡಿ ತೆರೆದ. ಉಳ್ಳಾಲದವನು, ಮೊಬೈಲ್ ರಿಪೇರಿ ಮಾಡುತ್ತಾನೆ, ಹಳೆಯ ಕಂಪ್ಯೂಟರುಗಳನ್ನು ಅಟ್ಟದಲ್ಲಿ ಇಟ್ಟುಕೊಂಡಿದ್ದಾನೆ. ನಾನು, ಉಷಾಲತಾ, ಸಂದೇಶ್ ಹೋದೆವು. ಹದಿಮೂರು ವರ್ಷದ ಮಗಳು ಪೂಜಿತಾ ಜೊತೆಗೆ ಬಂದಿದ್ದಳು.

"ಡಿಸ್ಕಾ?" ಇಮ್ತಿಯಾಝ್ ಅದನ್ನು ಬೆಳಕಿಗೆ ಹಿಡಿದ. "ಮಾಸ್ಟ್ರೇ, ಇದನ್ನು ಮ್ಯೂಸಿಯಮ್ಮಿಗೆ ಕೊಡ್ಬೇಕು. ನನ್ನ ಹತ್ರ ಎಂತಕೆ ತಂದದ್ದು?"

"ಡ್ರೈವ್ ಉಂಟೋ ಇಲ್ಲವೋ?"

"ಉಂಟು ಮಾರಾಯ್ರೆ. ನಿಮ್ಮಷ್ಟೇ ಹಳತು. ನಿಮ್ಮ ಹಾಗೇ ಶಬ್ದ ಮಾಡ್ತದೆ, ಕೆಲಸವೂ ಮಾಡ್ತದೆ."

ಶಬ್ದ ಮಾಡಿತು. ಬಳಿಕ ಇಂಗ್ಲಿಷಿನಲ್ಲಿ ಒಬ್ಬ ಗಂಡಸಿನ ದನಿ, 2016ರ ಸೆಪ್ಟೆಂಬರ್ 5ರ ದಿನಾಂಕ, ಉಷಾಲತಾ ಅವರ ಹೆಸರು. ಆಮೇಲೆ ಆಕೆಯದೇ ದನಿ. ಸಂಭಾಷಣೆ ನಾಲ್ಕು ನಿಮಿಷ ಹತ್ತು ಸೆಕೆಂಡಿನದು. ಅದರಲ್ಲಿ ನಮಗೆ ಬೇಕಾದದ್ದು, ಕನ್ನಡದಲ್ಲಿ ಹೇಳುವುದಾದರೆ, ಇಷ್ಟು.

"ನಾವು ಕುಟುಂಬಸಮೇತ ಬಹರೈನಿಗೆ ಹೊರಟಿದ್ದೇವೆ, ತಿಳಿಸಲು ಫೋನ್ ಮಾಡಿದೆ."

"ದೇಶ ಬಿಟ್ಟು ಹೋಗುತ್ತಿದ್ದೀರಾ?"

"ಹೋಗಿ ಬರುತ್ತೇವೆ."

"ಅಂದರೆ ಹಿಂದಿರುಗುತ್ತೀರಿ?"

"ಹೌದು, ಹೋಗಿ ಬರುತ್ತೇವೆ."

"ಎಂಟು ವಾರದ ಒಳಗೆ?"

"ನೋಡುವ. ದೇವರ ದಯೆ." ಇಲ್ಲಿ ಆಕೆ ನಕ್ಕದ್ದು ಕೇಳಿಸಿತು.

"ಹಾಗಾದರೆ ತಾತ್ಕಾಲಿಕ ಗೈರು ಎಂದು ಬರೆದುಕೊಳ್ಳುತ್ತೇನೆ. ಎಂಟು ವಾರ ದಾಟುವುದಾದರೆ ನಮಗೆ ಮತ್ತೆ ತಿಳಿಸಬೇಕು."

"ಆಗಲಿ. ತುಂಬಾ ಉಪಕಾರ."

ಇಮ್ತಿಯಾಝ್ ಡಿಸ್ಕ್ ನಿಲ್ಲಿಸಿದ. ಉಷಾಲತಾ ಗೆದ್ದವರಂತೆ ನನ್ನತ್ತ ನೋಡಿದರು. "ಕೇಳಿದ್ರಲ್ಲ? ಹೇಳಿದ್ದೇನಾ ಇಲ್ವಾ?"

ಪೂಜಿತಾ ಫೋನಿನಿಂದ ತಲೆ ಎತ್ತಿದಳು. "ಅಮ್ಮಾ, ಯೂ ಟೋಲ್ಡ್ ಹಿಮ್ ವಿ ಆರ್ ಕಮಿಂಗ್ ಬ್ಯಾಕ್. ಟ್ವೈಸ್."

"ಎಂತ ಕಮಿಂಗ್ ಬ್ಯಾಕ್? ಹೋಗುದು ಅಂತ್ಲೇ ಹೇಳಿದ್ದು."

"ಯೂ ಸೆಡ್ ಗೋ ಆ್ಯಂಡ್ ಕಮ್. ಅವನಿಗೆ ಹೇಗೆ ಗೊತ್ತಾಗ್ತದೆ?"

ಉಷಾಲತಾ ಸಂದೇಶರ ಮುಖ ನೋಡಿದರು, ಆಮೇಲೆ ನನ್ನದು. ನಾನು ಇನ್ನೊಮ್ಮೆ ಹಾಕಲು ಹೇಳಿದೆ. ಎರಡನೆಯ ಸಲ ಕೇಳುವಾಗ ಆಕೆ ಕುರ್ಚಿಯಲ್ಲಿ ಕುಳಿತರು.

"ಮತ್ತೆ ಎಂತ ಹೇಳ್ಬೇಕಿತ್ತು?" ಎಂದು ಕೇಳಿದ್ದು ಯಾರನ್ನು ಎಂದು ಸ್ಪಷ್ಟವಿರಲಿಲ್ಲ. "ಹೋಗ್ತೇನೆ, ಬರುದಿಲ್ಲ ಅಂತ ಬಾಯಿಬಿಟ್ಟು ಹೇಳ್ಲಿಕ್ಕೆ ಆಗ್ತದಾ? ಮಕ್ಕಳನ್ನು ಕರ್ಕೊಂಡು ಹೊರಡುವಾಗ? ಹಾಗೆ ಹೋಗುದು ಸತ್ತವರು."

"ಅದು ಹೌದು," ಎಂದ ಇಮ್ತಿಯಾಝ್. "ಪೋದು ಬರ್ಪೆ, ಹೋಗಿ ಬರ್ತೇನೆ ಅಂತ ಹೇಳದೆ ನಮ್ಮ ಕಡೆ ಯಾರು ಹೊಸ್ತಿಲು ದಾಟ್ತಾರೆ? ಸಾಲ ವಸೂಲಿಗೆ ಬಂದವನಿಗೂ ‘ಹೋಗಿ ಬನ್ನಿ’ ಅಂತ್ಲೇ ಹೇಳುದು. ಕಷ್ಟ ಎಂತ ಅಂದ್ರೆ, ಅವ ನಿಜವಾಗಿ ಬರ್ತಾನೆ."

ಸಂದೇಶ್ ನಕ್ಕರು. ಉಷಾಲತಾ ನಗಲಿಲ್ಲ. ಇಮ್ತಿಯಾಝ್ ಹಣ ತೆಗೆದುಕೊಳ್ಳಲಿಲ್ಲ.

ಹದಿನೇಳು ಕಾಗದಗಳನ್ನು ನಾನು ವಾರವಿಡೀ ಓದಿದೆ. ಮಾರ್ಚ್ 22ರ ಶುಕ್ರವಾರ ಉಮ್ ಅಲ್ ಹಸ್ಸಮ್‌ನ ಅವರ ಮನೆಗೆ ಹೋದೆ. ಉಷಾಲತಾ ನೀರುದೋಸೆ ಮಾಡಿದ್ದರು. ತಿಂದಾದ ಮೇಲೆ ಪ್ರಶ್ನೆಪತ್ರವನ್ನು ಮೇಜಿನ ಮೇಲೆ ಬಿಡಿಸಿಟ್ಟೆ.

"ಮನ್ನಾ ಆಗುವುದಿಲ್ಲ," ಎಂದೆ. "ಆತ ಕೇಳಬೇಕಾದದ್ದನ್ನು ಕೇಳಿದ್ದಾನೆ, ನೀವು ಹೇಳಿದ್ದನ್ನು ಬರೆದುಕೊಂಡಿದ್ದಾನೆ. ಎಂಟು ವಾರ ದಾಟಿದರೆ ತಿಳಿಸಿ ಎಂದೂ ಹೇಳಿದ್ದಾನೆ. ನೀವು ತಿಳಿಸಲಿಲ್ಲ."

"ಸರಿ," ಎಂದರು ಸಂದೇಶ್. "ಒಂಬತ್ತು ಪಾವತಿ, ಎರಡು ಸಾವಿರದ ನೂರ ಇಪ್ಪತ್ತನಾಲ್ಕು. ಕಂತು ಕೇಳುವ. ಮುಗೀತು."

"ಮುಗಿಯಲಿಲ್ಲ. ಮೂರನೆಯ ಪ್ರಶ್ನೆ ಓದಿ."

ಮೂರನೆಯ ಪ್ರಶ್ನೆ ಹೀಗಿತ್ತು: ಹೊರಟ ದಿನ, ಎಂಟು ವಾರಗಳೊಳಗೆ ಹಿಂದಿರುಗುವ ಉದ್ದೇಶ ನಿಮಗಿತ್ತೇ? ಹೌದು, ಇಲ್ಲ, ಪಕ್ಕದಲ್ಲಿ ಎರಡು ಚೌಕಗಳು.

"ಹೌದು ಎಂದರೆ ಎಂಟು ವಾರ ನಿಮಗೆ ಸಲ್ಲುತ್ತದೆ, ಸಾಲ ಒಂಬತ್ತು ಪಾವತಿಯದು," ಎಂದೆ. "ಇಲ್ಲ ಎಂದರೆ ಹೊರಟ ದಿನಕ್ಕೇ ಹಕ್ಕು ಮುಗಿಯಿತು. ಆ ಎಂಟು ವಾರದ ಎರಡು ಪಾವತಿಯೂ ಸೇರಿ ಹನ್ನೊಂದಾಗುತ್ತದೆ. 2,596 ಪೌಂಡ್. ವ್ಯತ್ಯಾಸ 472."

ಸಂದೇಶ್ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. "ಮಾಸ್ಟ್ರೇ, ಅವರು ಕೇಳಿದ್ದು ಒಂಬತ್ತು. ಕೇಳದ್ದನ್ನು ನೀವು ಕೂಡಿಸಿ ಕೊಡ್ತೀರಲ್ಲ? ನಿಮ್ಮನ್ನು ಕರೆದದ್ದು ಕಳೀಲಿಕ್ಕೆ."

"ನಾನು ಶಾಲೆಯಲ್ಲಿ ಎರಡನ್ನೂ ಕಲಿಸಿದ್ದೇನೆ."

"ಡಿಸ್ಕಲ್ಲಿ ಇವಳೇ ಹೇಳಿದ್ದಾಳೆ, ಬರ್ತೇವೆ ಅಂತ. ಅವರದ್ದೇ ಡಿಸ್ಕ್. ಹೌದು ಅಂತ ಗುರ್ತು ಹಾಕಿದ್ರೆ ಯಾರು ಬೇಡ ಅಂತಾರೆ?"

"ಯಾರೂ ಬೇಡ ಎನ್ನುವುದಿಲ್ಲ."

ಉಷಾಲತಾ ಪ್ರಶ್ನೆಪತ್ರವನ್ನು ತಮ್ಮ ಕಡೆಗೆ ಎಳೆದುಕೊಂಡರು. "ಹೊರಡುವಾಗ ಮನೆಯ ಕೀ ವಾಪಸ್ ಕೊಟ್ಟಿದ್ದೇವೆ. ನಾನು ರಾಜೀನಾಮೆ ಕೊಟ್ಟಿದ್ದೇನೆ. ಸಾಮಾನು ಹಡಗಿಗೆ ಹಾಕಿದ್ದೇವೆ. ಎಂಟು ವಾರದಲ್ಲಿ ಬರುವ ಉದ್ದೇಶ ಎಲ್ಲಿತ್ತು?"

"ಅದನ್ನು ಯಾರು ಕೇಳಿದ್ದು ಈಗ?" ಎಂದರು ಸಂದೇಶ್.

"ಇವರೇ ಕೇಳ್ತಿದ್ದಾರಲ್ಲ. ಮೂರನೇ ಪ್ರಶ್ನೆ."

"ಉಷಾ, ನಾಲ್ಕುನೂರ ಎಪ್ಪತ್ತೆರಡು ಪೌಂಡ್! ಒಂದು ಚೌಕಕ್ಕೆ!"

"ಎರಡು ವರ್ಷ ನಾನು ಅವರಿಗೆ ಬರೀತಾ ಬಂದದ್ದು ಎಂತ? ನಾವು ಬಿಟ್ಟು ಬಂದಿದ್ದೇವೆ, ನಾನು ಹೇಳಿದ್ದೇನೆ ಅಂತ. ಹೇಳ್ಲಿಲ್ಲ ಅಂತ ಈಗ ಗೊತ್ತಾಯ್ತು. ಅದು ಗೊತ್ತಿಲ್ಲದೆ ಆದ ಸುಳ್ಳು. ಇದು ಗೊತ್ತಿದ್ದು ಹೇಳುದಾ?" ಆಕೆ ನನ್ನ ಕಡೆ ತಿರುಗಿದರು. "ನೀವಾದ್ರೆ ಎಂತ ಮಾಡ್ತಿದ್ರಿ ಮಾಸ್ಟ್ರೇ?"

"ಲೆಕ್ಕ ಹೇಳಲು ಕರೆದಿರಿ, ಹೇಳಿದ್ದೇನೆ. ಸಹಿ ನಿಮ್ಮದು."

ಒಳಕೋಣೆಯಲ್ಲಿ ಮಕ್ಕಳು ಟಿವಿಗೆ ಜಗಳವಾಡುತ್ತಿದ್ದರು. ಸಂದೇಶ್ ಎದ್ದು ಹೋಗಿ ಗದರಿಸಿ ಬಂದರು. ಬರುವಷ್ಟರಲ್ಲಿ ಉಷಾಲತಾ ‘ಇಲ್ಲ’ ಎಂಬ ಚೌಕದಲ್ಲಿ ಗುರುತು ಹಾಕಿದ್ದರು. ಕೆಳಗೆ ವಿವರಣೆಗೆ ಬಿಟ್ಟ ಆರು ಗೆರೆಗಳಲ್ಲಿ ಏನು ಬರೆಯಬೇಕೆಂದು ಕೇಳಿದರು. ನಡೆದದ್ದನ್ನು ಬರೆಯಿರಿ ಎಂದೆ. ಹೊರಡುವವರು ಹೋಗುತ್ತೇವೆ ಎನ್ನುವುದು ನಮ್ಮಲ್ಲಿ ಅಶುಭ, ಬರದಿದ್ದರೂ ಬರುತ್ತೇವೆ ಎನ್ನುತ್ತೇವೆ, ನೀವು ಕೇಳಿದ ಅರ್ಥದಲ್ಲಿ ನಾನು ಅದನ್ನು ಹೇಳಿರಲಿಲ್ಲ, ನೀವು ತಪ್ಪಾಗಿ ಬರೆದುಕೊಳ್ಳಲೂ ಇಲ್ಲ ಎಂದು ಇಂಗ್ಲಿಷಿನಲ್ಲಿ ಬರೆದರು. ಐದು ಗೆರೆಗೆ ಮುಗಿಯಿತು.

ಸಂದೇಶ್ ಓದಿದರು. "ಸತ್ಯ ಹರಿಶ್ಚಂದ್ರನ ಹೆಂಡತಿಗೂ ಇಷ್ಟು ಖರ್ಚಾಗಿರ್ಲಿಕ್ಕಿಲ್ಲ," ಎಂದರು.

"ಅವಳನ್ನೇ ಮಾರಿದ್ರು. ನೀವು ಇನ್ನೂ ಅಲ್ಲಿಗೆ ಮುಟ್ಲಿಲ್ಲ."

"ಒಂಬತ್ತು ನಾನು ಕಟ್ತೇನೆ. ತಿಂದದ್ದು ನಾವೆಲ್ಲರೂ. ಆ ಎರಡು ನನ್ನದಲ್ಲ."

"ಆ ಎರಡು ನನ್ನದು," ಎಂದು ಉಷಾಲತಾ ಸಹಿ ಹಾಕಿದರು. ಕಾಗದ ಮಾರ್ಚ್ 24ರ ಭಾನುವಾರ ಕೊರಿಯರಿನಲ್ಲಿ ಹೋಯಿತು.

ಏಪ್ರಿಲ್ ಕೊನೆಗೆ ಉತ್ತರ ಬಂತು. ಸಾಲ 2,596 ಪೌಂಡ್ ಎಂದು ಪರಿಷ್ಕರಿಸಿದ್ದರು. ದಂಡ ಹಾಕಿರಲಿಲ್ಲ. ವಿವರಣೆಯನ್ನು ಕಡತಕ್ಕೆ ಸೇರಿಸಲಾಗಿದೆ ಎಂಬುದು ಬಿಟ್ಟರೆ ಅದರ ಬಗ್ಗೆ ಬೇರೆ ಮಾತಿಲ್ಲ. ತಿಳಿಸಿಲ್ಲ ಎಂಬ ವಾಕ್ಯ ಹಾಗೆಯೇ ಇತ್ತು. ಉಷಾಲತಾ ಅದನ್ನು ಎರಡು ಸಲ ಓದಿ, ಮಡಚಿ, "ಸರಿಯೇ," ಎಂದರು.

ತಿಂಗಳಿಗೆ 118 ಪೌಂಡಿನಂತೆ ಇಪ್ಪತ್ತೆರಡು ಕಂತು ಕೇಳಲು ನಾನು ಹೇಳಿದೆ. ಕಚೇರಿಯವರು ಒಪ್ಪಿದರು. ಹದಿನೆಂಟು ಕಂತಿಗೆ 2,124 ಆಗುತ್ತದೆ, ಉಳಿದ ನಾಲ್ಕಕ್ಕೆ 472. ಗಂಡಹೆಂಡಿರ ಪಾಲು ಒಡೆಯಲು ಬೇರೆ ಯಾವ ಸಂಖ್ಯೆಯೂ ಇಷ್ಟು ಅನುಕೂಲವಾಗಿರಲಿಲ್ಲ.

2019ರ ಮೇ ತಿಂಗಳಿಂದ ಸಂದೇಶ್ ಕಟ್ಟಿದರು. ಮರುವರ್ಷ ಕೊರೋನಾ ಬಂತು. ಕಂಪನಿ ಅವರ ಸಂಬಳವನ್ನು ಐದು ತಿಂಗಳು ಅರ್ಧಕ್ಕೆ ಇಳಿಸಿತು. ಆ ಐದು ತಿಂಗಳಲ್ಲಿಯೂ ಕಂತು ತಪ್ಪಿಸಲಿಲ್ಲ. 2020ರ ಅಕ್ಟೋಬರಿನಲ್ಲಿ ಹದಿನೆಂಟನೆಯದನ್ನು ಕಟ್ಟಿ, ರಸೀದಿಯ ಚಿತ್ರವನ್ನು ಹೆಂಡತಿಗೂ ನನಗೂ ಕಳಿಸಿದರು. ಕೆಳಗೆ ‘ನನ್ನದು ಆಯ್ತು’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರು.

ಉಷಾಲತಾ ಆಗ ಕೋವಿಡ್ ವಾರ್ಡಿನಲ್ಲಿದ್ದರು. ಹೆಚ್ಚುವರಿ ಪಾಳಿಯ ಭತ್ಯೆಯನ್ನು ಬೇರೆ ತೆಗೆದಿಟ್ಟು ನವೆಂಬರ್, ಡಿಸೆಂಬರ್, ಜನವರಿಯ ಕಂತುಗಳನ್ನು ತಾವೇ ಕಟ್ಟಿದರು. ಡಿಸೆಂಬರಿನಲ್ಲಿ ಸಂದೇಶ್ ಅರ್ಧ ಕೊಡುತ್ತೇನೆ ಎಂದರಂತೆ. ಆಕೆ ಬೇಡ ಎಂದರಂತೆ. ಇದನ್ನು ಹೇಳಿದ್ದು ಸಂದೇಶರೇ, ಕೋಲ್ಡ್ ಸ್ಟೋರಿನಲ್ಲಿ ಹಾಲು ಕೊಳ್ಳಲು ಬಂದಾಗ. "ತಲೆ ಗಟ್ಟಿ ಮಾಸ್ಟ್ರೇ, ನಿಮ್ಮ ಶಿಷ್ಯೆಯದ್ದು," ಎಂದರು. ಆಕೆ ನನ್ನ ಶಿಷ್ಯೆಯಲ್ಲ ಎಂದೆ.

2021ರ ಫೆಬ್ರವರಿ 18, ಗುರುವಾರ, ಇಪ್ಪತ್ತೆರಡನೆಯ ಕಂತು, ಅದೂ ಆಕೆಯದೇ. 118 ಪೌಂಡಿಗೆ ಆ ದಿನ 61 ದಿನಾರ್ 596 ಫಿಲ್ಸ್, ಕಳಿಸುವ ಖರ್ಚು ಬೇರೆ. ಮಾರ್ಚ್ ಎರಡನೆಯ ವಾರದಲ್ಲಿ ಕಚೇರಿಯಿಂದ ಒಂದು ಹಾಳೆ ಬಂತು. ಸಂದಾಯವಾದದ್ದು 2,596. ಬಾಕಿ ಸೊನ್ನೆ.