ಊಟ ಬಿಟ್ಟವರು

ಸರಸ ಹಾಗಲಕಾಯಿ ಅರೆದು ಬಟ್ಟೆಯಲ್ಲಿ ಹಿಂಡುತ್ತಿದ್ದಳು. ರಸ ಇನ್ನೂ ಅರ್ಧ ಲೋಟ ಆಗಿರಲಿಲ್ಲ, ಚಾವಡಿಯಲ್ಲಿ ಏನೋ ದೊಪ್ಪನೆ ಬಿತ್ತು. ಓಡಿಹೋಗಿ ನೋಡಿದರೆ ಗಂಡ ಮುಂಡಪ್ಪ ಕುರ್ಚಿಯಿಂದ ನೆಲಕ್ಕೆ ಜಾರಿದ್ದಾರೆ. ಅಂಗಿಯೆಲ್ಲ ಬೆವರಿನಲ್ಲಿ ಚಂಡಿ, ಕೈ ಗಡಗಡ ನಡುಗುತ್ತಿದೆ.

"ಎಂತ ಆಯ್ತು ನಿಮಗೆ?"

"ನೀನು ಯಾರು?" ಎಂದರು ಮುಂಡಪ್ಪ.

ಇಷ್ಟು ವರ್ಷ ಒಟ್ಟಿಗೆ ಬಾಳಿದ ಮನುಷ್ಯ ಹಾಗೆ ಕೇಳಿದಾಗ ಸರಸಳ ಜೀವವೇ ಬಾಯಿಗೆ ಬಂತು. ಶುಗರ್ ತಲೆಗೇರಿತು ಅಂತಲೇ ಅಂದುಕೊಂಡಳು.

ಮೊನ್ನೆ ಬಿ.ಸಿ.ರೋಡಿನ ಡಾಕ್ಟರು "ಊಟ ಹೇಗೆ?" ಎಂದು ಕೇಳಿದ್ದಕ್ಕೆ ಮುಂಡಪ್ಪ, "ಊಟ ಬಿಟ್ಟೇ ಬಿಟ್ಟಿದ್ದೇನೆ," ಎಂದು ಎದೆಯುಬ್ಬಿಸಿ ಹೇಳಿದ್ದರು. ಸುಳ್ಳಲ್ಲ, ಅನ್ನ ಮುಟ್ಟದೆ ತಿಂಗಳುಗಳಾಗಿದ್ದವು. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಹಬೆಯಲ್ಲಿ ಬೇಯಿಸಿದ ಪುಂಡಿ ಉಂಡೆ, ರಾತ್ರಿ ಕೋಳಿಸಾರಿಗೆ ರೊಟ್ಟಿ. ಅದೆಲ್ಲ ತಿಂಡಿ, ಊಟವಲ್ಲವಲ್ಲ! ಚಹಾಕ್ಕೂ ಸಕ್ಕರೆಯಲ್ಲ, ತಾಳೆಮರದ ಓಲೆಬೆಲ್ಲ. ಆದರೂ ಶುಗರ್ ಇಳಿಯಲಿಲ್ಲ. ಡಾಕ್ಟರು ಮಾತ್ರೆ ಜೋರು ಮಾಡಿದರು. ಹೆದರಿದ ಸರಸ ನಿನ್ನೆಯಿಂದ ತಿಂಡಿ, ಚಹಾ ಎಲ್ಲ ನಿಲ್ಲಿಸಿ ಮಾತ್ರೆ ಮತ್ತು ಹಾಗಲರಸ ಮಾತ್ರ ಕೊಡುತ್ತಿದ್ದಳು.

ಹಾಗಲರಸದ ಲೋಟ ತಂದು ಗಂಡನ ಬಾಯಿಗೆ ಹಿಡಿಯುವಷ್ಟರಲ್ಲಿ ಪಕ್ಕದ ಮನೆಯ ಮಾಜಿದಾ ಓಡಿ ಬಂದಳು. ಅವಳ ಗಂಡನಿಗೂ ಇದೇ ಕಾಯಿಲೆ.

"ಸರಸಕ್ಕಾ, ಅದನ್ನು ಆಚೆ ಇಡಿ! ಶುಗರ್ ಏರಿದ್ದಲ್ಲ ಇದು, ಇಳಿದದ್ದು. ನಮ್ಮವರಿಗೂ ಒಮ್ಮೆ ಹೀಗೇ ಆಗಿತ್ತು. ಸಕ್ಕರೆನೀರು ಕೊಡಿ."

"ಸಕ್ಕರೆಯಾ? ಕೊಲ್ಲಲಿಕ್ಕಾ?"

"ಕೊಡದಿದ್ರೆ ಕೈ ಬಿಟ್ಟು ಹೋಗ್ತಾರೆ!"

"ಮನೆಯಲ್ಲಿ ಸಕ್ಕರೆಯೇ ಇಲ್ಲ ಮಾರಾಯ್ತಿ. ಓಲೆಬೆಲ್ಲ ಉಂಟು. ಅದರಿಂದ ಶುಗರ್ ಏರುವುದಿಲ್ಲವಲ್ಲ..."

"ಏರ್ತದಾ ಇಲ್ವಾ ಈಗ ನೋಡುವ. ಕರಗಿಸಿ ತನ್ನಿ, ನುಂಗುವಷ್ಟು ಎಚ್ಚರ ಉಂಟು ಅವರಿಗೆ!"

ಸರಸ ಬೆಲ್ಲ ಕರಗಿಸಿ ಚಮಚದ ಜೊತೆ ತಂದಳು. ವಿಷ ಕುಡಿಸುತ್ತಿದ್ದೇನೋ ಎಂಬ ಹೆದರಿಕೆಯಲ್ಲೇ ಗುಟುಕು ಗುಟುಕಾಗಿ ಕುಡಿಸಿದಳು. ಸ್ವಲ್ಪ ಹೊತ್ತಿನಲ್ಲಿ ಮುಂಡಪ್ಪ ಕಣ್ಣರಳಿಸಿ, "ಸರಸಾ, ಹಸಿವಾಗ್ತದೆ," ಎಂದರು.

ಅವಳು ಅತ್ತುಬಿಟ್ಟಳು. ಮರುಗಳಿಗೆ ಕೈಯಲ್ಲಿದ್ದ ಬೆಲ್ಲದ ನೀರನ್ನೇ ನೋಡಿದಳು. ಇಳಿದದ್ದನ್ನು ಇಷ್ಟು ಬೇಗ ಏರಿಸಿದ್ದು, ದಿನಾ ಚಹಾದಲ್ಲಿ ಏನು ಮಾಡಿರಬಹುದು?

ಅವತ್ತೇ ಸರಸ ಅವರನ್ನು ರಿಕ್ಷಾದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಪರೀಕ್ಷೆ ಮಾಡಿ, ಮುಂಡಪ್ಪ ತಿನ್ನುವುದನ್ನೆಲ್ಲ ಸರಸ ಒಂದೊಂದಾಗಿ ಹೇಳಿದ ಮೇಲೆ ಕೇಳಿದರು, "ಪುಂಡಿ ಎಂತದರಲ್ಲಿ ಮಾಡುವುದಮ್ಮ?"

"ಅಕ್ಕಿಯಲ್ಲಿ."

"ನೀರುದೋಸೆ?"

"ಅಕ್ಕಿಯಲ್ಲಿ..."

"ರೊಟ್ಟಿಯೂ ಅಕ್ಕಿಯದ್ದೇ. ಹಾಗಾದರೆ ಇವರು ಬಿಟ್ಟದ್ದೆಂತ? ಅನ್ನ ಉಣ್ಣಲಿ, ಅಳತೆ ಇರಲಿ. ಪಲ್ಯ ಜಾಸ್ತಿ ಹಾಕಿ. ಬೆಲ್ಲವೂ ಸಕ್ಕರೆಯ ಹಾಗೆಯೇ. ಈ ಮಾತ್ರೆ ಕೊಟ್ಟು ಹಸಿದಿರಿಸಲೇಬಾರದು."

ಹೊರಗೆ ಬಂದಾಗ ಸರಸಳಿಗೆ ಬೆಳ್ತಂಗಡಿಯಾಚೆ ನೆರಿಯ ಊರಿನ ಸೇಸಮ್ಮನ ನೆನಪಾಯಿತು. ರಾತ್ರಿಶಾಲೆಯಲ್ಲಿ ಒಟ್ಟಿಗೆ ಅಕ್ಷರ ಕಲಿತವಳು. ಅವಳ ಗಂಡ ಚನಿಯಪ್ಪನಿಗೂ ಶುಗರ್. ಊಟ ಬಿಡಿಸು ಎಂದು ಮದುವೆಮನೆಯಲ್ಲಿ ಸರಸಳೇ ಹೇಳಿದ್ದಳು. ಊಟ ಬಿಡಿಸಿದ್ದೇನೆ, ಇನ್ನು ಮುಂದೆ ಎಂತ ಮಾಡಲಿ ಎಂದು ಸೇಸಮ್ಮ ಕಾಗದ ಬರೆದು ಎಷ್ಟೋ ದಿನವಾಯಿತು. ಗಂಡ ಗುಣವಾದ ಸುದ್ದಿಯನ್ನೇ ಬರೆಯುವ ಎಂದು ಸರಸ ಉತ್ತರವನ್ನು ಮುಂದೆ ಹಾಕುತ್ತ ಬಂದಿದ್ದಳು. ಅಲ್ಲಿಗೆ ಫೋನೂ ಸಿಗುವುದಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಮುಂಡಪ್ಪನವರನ್ನು ಕೂರಿಸಿ, ಅಂಗಡಿಯಿಂದ ಹಾಳೆ ತಂದು ತೊಡೆಯ ಮೇಲಿಟ್ಟು ಬರೆದಳು: "ಸೇಸಮ್ಮಾ, ನಾನು ಹೇಳಿದ್ದು ತಪ್ಪು. ಅವರನ್ನು ಉಪವಾಸ ಹಾಕಬೇಡ. ಬೇಗ ಡಾಕ್ಟರಿಗೆ ತೋರಿಸು. ತಿನ್ನುವುದನ್ನೆಲ್ಲ ಹೇಳು, ಪುಂಡಿಯನ್ನೂ."

ಬೆಳ್ತಂಗಡಿ ಬಸ್ಸು ಹೊರಡುವುದರಲ್ಲಿತ್ತು. ಕಂಡಕ್ಟರ್ ತುಕ್ರಪ್ಪ ಕೈ ಚಾಚಿದ. "ಎಂತ ಅಮ್ಮ, ಮದುವೆ ಕಾಗದವಾ?"

"ಅಲ್ಲ ಮಾರಾಯ. ನೆರಿಯದ ಬಸ್ಸಿನವರ ಕೈಯಲ್ಲಿ ಕೊಡು. ಇವತ್ತೇ ಮುಟ್ಟಬೇಕು."

ತುಕ್ರಪ್ಪ ಕಾಗದವನ್ನು ಕಿಸೆಗೆ ಹಾಕಿ ಸೀಟಿ ಊದಿದ.