ಅಕ್ಕನಾಗಮ್ಮನ ಏಳು ಸೊನ್ನೆಗಳು

ಕಂಪ್ಲಿಯ ಅಕ್ಕಿ ಗಿರಣಿ ಮನೆಯ ಅಕ್ಕನಾಗಮ್ಮನಿಗೆ ಎಪ್ಪತ್ತೊಂದು. ಹಲ್ಲು ಗಟ್ಟಿ, ಕಾಲು ಗಟ್ಟಿ, ಬಾಯಿಯಂತೂ ಕೇಳಲೇಬೇಡಿ. ಮರೆವೊಂದು ಮಾತ್ರ ಹೇಳದೆ ಕೇಳದೆ ಬಂದು ಸೇರಿಕೊಂಡಿತ್ತು. ಹಾಲನ್ನು ಒಲೆಯ ಮೇಲಿಟ್ಟು ಮರೆಯುವುದು, ಸೀದ ಪಾತ್ರೆಯನ್ನು ಅಡಗಿಸಿಟ್ಟು ಏನೂ ಆಗಿಲ್ಲವೆಂಬಂತೆ ಕೂರುವುದು. ಬಚ್ಚಲಿನ ಹಿಂದಿದ್ದ ಎರಡು ಪಾತ್ರೆ ಸೊಸೆ ರಮಾಳ ಕಣ್ಣಿಗೆ ಬಿದ್ದದ್ದೇ ತಡ, ಅವಳು ಗ್ಯಾಸ್ ಲೈಟರನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಐವತ್ತು ವರ್ಷ ಆಳಿದ ಅಡುಗೆಮನೆಯಲ್ಲಿ ಅಕ್ಕನಾಗಮ್ಮ ಈಗ ಬೆಳ್ಳುಳ್ಳಿ ಸುಲಿಯುವ ಕೂಲಿಯಾಳು. 

ಹಾಗಿರುವಾಗ ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ವಯಸ್ಸಾದವರ ತಲೆಗೆ ಸಣ್ಣ ಕರೆಂಟು ಕೊಟ್ಟು ನೋಡುತ್ತಾರೆಂಬ ಸುದ್ದಿ ಬಂತು. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ, ಉಪ್ಪುನೀರಲ್ಲಿ ನೆನೆಸಿದ ಎರಡು ಸ್ಪಂಜು, ತಲೆಗೊಂದು ಪಟ್ಟಿ, ಅಂಗೈಯಗಲದ ಪೆಟ್ಟಿಗೆ, ಸಲಕ್ಕೆ ಇಪ್ಪತ್ತು ನಿಮಿಷ, ಒಟ್ಟು ಹತ್ತು ಸಲ. ಪರೀಕ್ಷೆ ನಡೆಸುವ ಹುಡುಗಿ ಸ್ಫೂರ್ತಿ ಮೊದಲ ದಿನವೇ ಕಡ್ಡಿ ಮುರಿದಂತೆ ಹೇಳಿದ್ದಳು: ನೆನಪು ಮರಳುತ್ತದೆಂಬ ಭರವಸೆ ಇಲ್ಲ, ಈ ವಯಸ್ಸಿನವರು ಇದನ್ನು ತಾಳಿಕೊಳ್ಳಬಲ್ಲರೋ ಇಲ್ಲವೋ ಎಂದಷ್ಟೇ ನೋಡುವುದು. ಅಕ್ಕನಾಗಮ್ಮ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು. ಹತ್ತು ಸಲ ಕೂತರೆ ಲೈಟರ್ ತನ್ನ ಕೈಗೆ ಎಂದು ಅವಳೇ ತೀರ್ಮಾನ ಮಾಡಿಕೊಂಡಾಗಿತ್ತು.

ತೊಡಕೆಂದರೆ ವಿಭೂತಿ. ಸ್ಪಂಜು ಕೂರುವ ಹಣೆ ಚೊಕ್ಕವಾಗಿರಬೇಕು. ಸ್ಫೂರ್ತಿಯದೂ ವಿಭೂತಿ ಹಚ್ಚುವ ಮನೆಯೇ. ಹಿರಿಯರ ಹಣೆಯನ್ನು ತಾನು ಒರೆಸುವುದುಂಟೇ ಎಂದು ಒದ್ದೆ ಹತ್ತಿ ಕೈಗೆ ಕೊಟ್ಟು ಮುಖ ತಿರುಗಿಸಿ ನಿಲ್ಲುತ್ತಿದ್ದಳು. ಅಕ್ಕನಾಗಮ್ಮ ಒರೆಸಿಕೊಂಡಂತೆ ಮಾಡುವಳು. ಆದರೆ ಬರಿ ಹಣೆಯಲ್ಲಿ ಕೂರಲು ಜೀವ ಒಪ್ಪಬೇಕಲ್ಲ! ಸಂಚಿಯಿಂದ ವಿಭೂತಿ ಗಟ್ಟಿ ತೆಗೆದು ಸರಸರ ತಿಕ್ಕಿಕೊಂಡು, ಸ್ಪಂಜನ್ನು ತಾನೇ ಒತ್ತಿ ಹಿಡಿಯುವಳು. ಹುಡುಗಿ ಈಚೆ ತಿರುಗಿ ಮೇಲೆ ಪಟ್ಟಿ ಕಟ್ಟುವಳು. ಬಿಚ್ಚಿದ ಮೇಲೂ ಅವಳು ಹಾಗೆಯೇ ಮುಖ ತಿರುಗಿಸುವಳು, ಅಷ್ಟರಲ್ಲಿ ಅಕ್ಕನಾಗಮ್ಮ ಮತ್ತೆ ವಿಭೂತಿ ಬಳಿದುಕೊಂಡಿರುವಳು.

ಮೂರನೆಯ ದಿನ ಹಣೆ ಚುರುಗುಟ್ಟಿತು, ನಾಲ್ಕನೆಯ ದಿನ ಉರಿಯಿತು. ಮನೆಯಲ್ಲಿ ಕನ್ನಡಿ ನೋಡಿದರೆ ಬಿಲ್ಲೆಯಗಲ ಕೆಂಪು ಕಲೆ. ರಮಾಗೆ ಕಾಣಬಾರದೆಂದು ಅದರ ಮೇಲೆ ವಿಭೂತಿಯನ್ನು ಇನ್ನಷ್ಟು ದಪ್ಪ ಬಳಿದಳು. ಮುಂದಿನ ಸಲ ಉರಿಯೂ ಅಷ್ಟೇ ಜೋರಾಗಿ ಬಂತು. ಪುಣ್ಯಾತಗಿತ್ತಿ ತುಟಿ ಪಿಟಕ್ಕೆನ್ನಲಿಲ್ಲ. ಕೂತಾದ ಮೇಲೆ ಸ್ಫೂರ್ತಿ ಚಹಾ ಕೊಟ್ಟು, ಉರಿ, ನವೆ, ತಲೆನೋವು ಎಷ್ಟಿತ್ತೆಂದು ಸೊನ್ನೆಯಿಂದ ಹತ್ತರೊಳಗೆ ಹೇಳಲು ಕೇಳುತ್ತಿದ್ದಳು. ಚಹಾ ಕೊಟ್ಟ ಹುಡುಗಿಯೆದುರು ದೂರು ಹೇಳುವ ಜಾಯಮಾನವೇ ಅಲ್ಲ ನಮ್ಮ ಕಡೆಯವರದು. ಹೇಳಿದರೆ ಹೆಸರು ಹೊಡೆದುಹಾಕುತ್ತಾರೆಂಬ ಹೆದರಿಕೆ ಬೇರೆ.

“ಏನೂ ಇಲ್ಲವ್ವ, ಸೊನ್ನಿ ಬರ್ಕೊ,” ಎನ್ನುವಳು.

ಏಳನೆಯ ಸೊನ್ನೆ ಬರೆದುಕೊಂಡ ದಿನ ಸ್ಫೂರ್ತಿ ಖುಷಿಯಲ್ಲಿದ್ದಳು. ಇಪ್ಪತ್ತು ಮಂದಿಯಲ್ಲಿ ಯಾರಿಗೂ ತೊಂದರೆಯಿಲ್ಲ, ಇದನ್ನು ನಂಬಿ ಮುಂದಿನ ತಿಂಗಳು ಲಕ್ವ ಹೊಡೆದವರಿಗೂ ಶುರು ಮಾಡುತ್ತೇವೆ ಎಂದು ಬಾಗಿಲಾಚೆಯ ಬೆಂಚು ತೋರಿಸಿದಳು. ಅಲ್ಲಿ ಗಾದಿಗನೂರಿನ ತಾಯಕ್ಕ ಕೂತಿದ್ದಳು. ಎಂಬತ್ತರ ಜೀವ, ಲಕ್ವ ಹೊಡೆದು ಮಾತು ಹೋಗಿತ್ತು.

“ಮಾತಿಲ್ಲದಾಕಿ, ಉರಿದ್ರ ಹೆಂಗ ಹೇಳ್ತಾಳವ್ವ?” ಅಕ್ಕನಾಗಮ್ಮ ಕೇಳಿದಳು.

“ಅದಕ್ಕ ಮೊದ್ಲು ನಿಮ್ಮಂಥಾರನ್ನ ಕೇಳೋದ್ರಿ ಅಮ್ಮ. ನೀವು ಹೇಳಿದ್ದ ಅವ್ರಿಗೆ ಕಾವಲು.”

ಅಕ್ಕನಾಗಮ್ಮ ಮತ್ತೆ ಬೆಂಚಿನತ್ತ ತಿರುಗಿದಳು. ತಾಯಕ್ಕ ಇತ್ತ ನೋಡಿ ಸುಮ್ಮನೆ ನಕ್ಕಳು. ಹತ್ತಕ್ಕೆ ಇನ್ನು ಮೂರೇ ಬಾಕಿ, ಮೂರೇ ಮೂರು. ಲೈಟರ್ ಕಣ್ಣ ಮುಂದೆ ಬಂದು ನಿಂತಿತು. ಥೂ ನನ್ನ ಬಾಳೇ ಎಂದುಕೊಂಡು ಅವಳು ಒದ್ದೆ ಹತ್ತಿ ತೆಗೆದುಕೊಂಡು, ಈ ಸಲ ನಿಜವಾಗಿಯೂ ಹಣೆಯನ್ನು ತಿಕ್ಕಿ ಒರೆಸಿಕೊಂಡಳು. ಹೊರಗಿನವರು ಯಾರೂ ಆ ಹಣೆಯನ್ನು ಬರಿದಾಗಿ ನೋಡಿರಲಿಲ್ಲ.

“ನೋಡವ್ವ ಇಲ್ಲಿ. ಸೊನ್ನಿ ಎಲ್ಲಾ ಸುಳ್ಳು. ಉರಿ ಹತ್ತಕ್ಕ ಏಳು ಇತ್ತು.”

ಸ್ಫೂರ್ತಿ ಬಗ್ಗಿ ಕಲೆಯನ್ನು ನೋಡಿದಳು. ಬೈಯಲಿಲ್ಲ. ಮುಖ ತಿರುಗಿಸಿ ನಿಂತದ್ದು ತನ್ನ ತಪ್ಪೆಂದು ಅದನ್ನೂ ಬರೆದಳು, ಡಾಕ್ಟರನ್ನು ಕರೆಸಿದಳು. ವಿಭೂತಿ ನಡುವೆ ಬಂದು ಸ್ಪಂಜು ಸರಿಯಾಗಿ ಕೂತಿಲ್ಲ, ಕರೆಂಟು ಒಂದೇ ಕಡೆ ಹರಿದಿದೆ, ಗಾಯ ಸಣ್ಣದು, ಮುಲಾಮು ಸಾಕು ಎಂದರು ಅವರು. ಇನ್ನು ಮುಂದೆ ಹಣೆ ನೋಡದೆ ಯಾರನ್ನೂ ಕೂರಿಸಬಾರದು, ಆ ಇಪ್ಪತ್ತು ಮಂದಿಯನ್ನೂ ಮತ್ತೆ ಕೇಳಬೇಕು ಎಂದಾಯಿತು. ಅಕ್ಕನಾಗಮ್ಮ ಇನ್ನು ಬರುವುದು ಬೇಡ ಎಂದೂ ಆಯಿತು.

ಕಂಪ್ಲಿ ಬಸ್ಸಿನಲ್ಲಿ ಬುಕ್ಕಸಾಗರದವರೆಗೂ ಅವಳು ಅತ್ತಳು. ಗದ್ದೆಯ ಗಾಳಿ ಮುಖಕ್ಕೆ ಬಡಿದ ಮೇಲೆ ಏಕೋ ಹಗುರವೆನಿಸಿತು. ಮನೆ ಹೊಕ್ಕವಳೇ ನೇರ ಸೌದೆ ಕೋಣೆಗೆ ಹೋಗಿ, ರಮಾಗೆ ಸಿಗದೆ ಉಳಿದಿದ್ದ ಮೂರನೆಯ ಪಾತ್ರೆಯನ್ನು ತಂದು ಅವಳ ಮುಂದಿಟ್ಟಳು. ತಳ ಕರ್ರಗೆ ಸೀದಿತ್ತು.

“ಇದೂ ನಂದ. ಮುಚ್ಚಿಟ್ಟಿದ್ದೆ.”

ರಮಾ ಪಾತ್ರೆ ನೋಡಿದಳು, ಅತ್ತೆಯ ಬರಿ ಹಣೆ ನೋಡಿದಳು.

“ಹಾಲು ಸೀದಿದ್ದಕ್ಕ ನಾ ಲೈಟರ್ ಕಸ್ಕೊಂಡಿಲ್ಲ ಅತ್ತಿ. ನೀವು ಮುಚ್ಚಿಡ್ತೀರಿ ಅಂತ ಕಸ್ಕೊಂಡೆ.”

ಹಾಗೆಂದವಳೇ ಲೈಟರನ್ನು ಅತ್ತೆಯ ಕೈಗಿಟ್ಟು, ಚಹಾಕ್ಕೆ ನೀರಿಡಲು ಹೇಳಿ, ತಾನು ಅಲ್ಲೇ ಒಲೆಯ ಪಕ್ಕ ಬೆಳ್ಳುಳ್ಳಿ ಸುಲಿಯುತ್ತ ಕೂತಳು.